ಹಳೆಯ ಕಾದಂಬರಿ, ಹೊಸ ಕಾದಂಬರಿ, ಗೃಹಸ್ಥನ ಮನೆ

ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ತನ್ನ ಹೊಸ ನಾಟಕದ ಪರವಾಗಿ ಸೂತ್ರಧಾರನ ಬಾಯಿಂದ ಒಂದು ಮಾತನ್ನು ಆಡಿಸಿದ್ದಾನೆ. ಕೃತಿಯ ವಯಸ್ಸು ಅದರ ಗುಣಕ್ಕೆ ಪ್ರಮಾಣವಲ್ಲವೆಂಬುದು ಅದರ ತಾತ್ಪರ್ಯ. ಅಂದಿನಿಂದ ಇಂದಿನವರೆಗೂ ಹೊಸ ಗ್ರಂಥಕರ್ತರು ಈ ಮಾತನ್ನು ಗುರಾಣಿಯಾಗಿ ಹಿಡಿಯುತ್ತ ಬಂದಿದ್ದಾರೆ. ಆದರೆ ಆ ಮಾತಿಗೆ ಇನ್ನೊಂದು ಭಾಗವೂ ಉಂಟು. ಎರಡನ್ನೂ ಪರೀಕ್ಷಿಸಿ ಆರಿಸಿಕೊಳ್ಳತಕ್ಕ ಹೊಣೆಯು ಓದುವವನದೇ ಎಂಬುದು ಆ ಭಾಗ. ಗುರಾಣಿಯನ್ನು ಹಿಡಿದವರಿಗೆ ಈ ಹೊಣೆಯು ಅಷ್ಟಾಗಿ ನೆನಪಾಗುವುದಿಲ್ಲ.

ವಿದ್ಯಾವಂತರ ಮನೆಗಳಲ್ಲಿ ಕಾದಂಬರಿಗಳ ಸ್ಥಿತಿಯನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಹಳೆಯ ಗ್ರಂಥಗಳು ಕಪಾಟಿನ ಮೇಲಿನ ಅಂಕಣದಲ್ಲಿರುತ್ತವೆ. ಅವುಗಳಿಗೆ ಗೌರವವುಂಟು, ಓದುವವರಿಲ್ಲ. ಹೊಸ ಗ್ರಂಥಗಳು ಮೇಜಿನ ಮೇಲಿರುತ್ತವೆ. ಅವುಗಳಿಗೆ ಓದುವವರುಂಟು, ಎರಡನೆಯ ಓದಿನ ಭಾಗ್ಯವಿಲ್ಲ. ಹಿರಿಯರು ಹಳೆಯದನ್ನು ಹೊಗಳುವುದಕ್ಕೆ ಅದನ್ನು ಬಾಲ್ಯದಲ್ಲಿ ಓದಿದ್ದ ನೆನಪೇ ಸಾಕಾಗುವುದು. ಕಿರಿಯರು ಅದನ್ನು ಬದಿಗಿಡುವುದಕ್ಕೆ ಅದರ ಮುದ್ರಣದ ವರ್ಷವೇ ಸಾಕಾಗುವುದು. ಹೀಗೆ ಇಬ್ಬರೂ ವಯಸ್ಸನ್ನೇ ಪ್ರಮಾಣವಾಗಿ ಹಿಡಿದು, ಕವಿಯು ಬೇಡವೆಂದ ಕೆಲಸವನ್ನೇ ಮಾಡುತ್ತಾರೆ.

ಹಳೆಯದನ್ನೂ ಹೊಸದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದರೆ ಎರಡಕ್ಕೂ ಸಾಮಾನ್ಯವಾದ ಒಂದು ವಸ್ತು ಬೇಕು. ಕನ್ನಡ ಕಾದಂಬರಿಯಲ್ಲಿ ಅಂಥ ವಸ್ತುವು ಮನೆಯೇ. ಬಾಣಭಟ್ಟನ ಕಥಾನಾಯಿಕೆಯ ಹೆಸರಾದ ‘ಕಾದಂಬರಿ’ಯನ್ನೇ ಕನ್ನಡಿಗರೂ ಮಹಾರಾಷ್ಟ್ರದವರೂ ಈ ಸಾಹಿತ್ಯಪ್ರಕಾರಕ್ಕೆ ಹೆಸರಾಗಿ ಇಟ್ಟುಕೊಂಡರು. ಹೆಸರು ಗಂಧರ್ವಲೋಕದಿಂದ ಬಂದರೂ ಬೇಗನೆ ಅದು ಮನೆಯ ಅಂಗಳಕ್ಕೆ ಇಳಿಯಿತು. ಕೆಂಪುನಾರಾಯಣನ ‘ಮುದ್ರಾಮಂಜೂಷ’ವು (೧೮೨೩) ನಂದರ ಮತ್ತು ಚಾಣಕ್ಯನ ರಾಜತಂತ್ರದ ಕಥೆ. ಬಿ. ವೆಂಕಟಾಚಾರ್ಯರು ಬಂಗಾಳದ ಬಂಕಿಮಚಂದ್ರರನ್ನು ಕನ್ನಡಿಗರಿಗೆ ಪರಿಚಯಮಾಡಿಸಿದರು. ಗಳಗನಾಥರು ಚರಿತ್ರೆಯ ವೀರರನ್ನು ಮನೆಮನೆಗೂ ತಲುಪಿಸಿದರು. ಆದರೆ ಓದುವವನು ಕುಳಿತಿರುವ ಮನೆಯನ್ನೇ ಕಥೆಯೊಳಗೆ ತಂದು, ಅದರ ಒಳಮನೆಯ ಬಾಗಿಲನ್ನು ತೆರೆದ ಕೃತಿಯೆಂದರೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ೧೮೯೯ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಈ ಗ್ರಂಥವು ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಪ್ರಸಿದ್ಧವಾಗಿದೆ.

ಇದರ ಕಥೆ ಸರಳವಾದುದು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಇಂದಿರೆಯನ್ನು ಅವಳ ತಾಯಿತಂದೆಗಳು ವೇಷಧಾರಿಗಳಾದ ಸಂತರ ಸೇವೆಗೆ ಒಡ್ಡುತ್ತಾರೆ. ಅಲ್ಲಿ ತನ್ನ ಮಾನಕ್ಕೆ ಅಪಾಯವನ್ನು ಕಂಡ ಹುಡುಗಿಯು ಮನೆಯನ್ನು ಬಿಟ್ಟು ಓಡುತ್ತಾಳೆ. ಅಮೃತರಾಯನೆಂಬ ಸಜ್ಜನನು ಅವಳಿಗೆ ಆಶ್ರಯವನ್ನಿತ್ತು ವಿದ್ಯೆ ಕಲಿಸುತ್ತಾನೆ. ಕೊನೆಗೆ ವಿಲಾಯತಿಯಲ್ಲಿ ಓದಿ ಅಧಿಕಾರಿಯಾಗಿ ಬಂದ ಭಾಸ್ಕರರಾಯನೊಡನೆ ಅವಳ ವಿವಾಹವಾಗುವುದು. ವಿಧವಾವಿವಾಹಕ್ಕೆ ಸರಕಾರದ ಕಾನೂನು ಒಪ್ಪಿಗೆ ಕೊಟ್ಟುದು ೧೮೫೬ರಲ್ಲಿ. ಅದಾದ ೪೩ ವರ್ಷಗಳ ಮೇಲೆ ಈ ಗ್ರಂಥವು ಬಂದಿತೆಂಬುದನ್ನು ಗಮನಿಸಬೇಕು. ಕಾನೂನು ಕಚೇರಿಯವರೆಗೆ ಬಂದಿತ್ತು. ಮನೆಯ ಹೊಸಿಲನ್ನು ದಾಟಿರಲಿಲ್ಲ. ಕಾನೂನು ನಿಂತಲ್ಲಿಂದ ಮುಂದಕ್ಕೆ ನಡೆಯುವ ಕೆಲಸವನ್ನು ಕಾದಂಬರಿಯು ಕೈಗೆತ್ತಿಕೊಂಡಿತು.

ಇಂದಿನ ವಾಚಕನು ಈ ಗ್ರಂಥವನ್ನು ಓದುವಾಗ ಒಂದು ಸುಲಭವಾದ ಸುಖವು ಅವನಿಗೆ ದೊರೆಯುವುದು. ಇಂದಿರೆಯ ಪಕ್ಷವೇ ಸರಿಯಾದುದೆಂದು ಅವನಿಗೆ ಮೊದಲನೆಯ ಪುಟದಲ್ಲಿಯೇ ಗೊತ್ತು. ಕಪಟ ಸಂತರನ್ನು ಕಂಡು ಸಿಟ್ಟಾಗುತ್ತಾನೆ, ಅಮೃತರಾಯನನ್ನು ಕಂಡು ತಲೆದೂಗುತ್ತಾನೆ, ಪುಸ್ತಕವನ್ನು ಮುಚ್ಚುವಾಗ ತಾನೂ ಅಮೃತರಾಯನ ಬಳಗದವನೇ ಎಂದು ಸಂತೋಷಪಡುತ್ತಾನೆ. ಗೆದ್ದ ಯುದ್ಧದಲ್ಲಿ ಗೆದ್ದವರ ಪಕ್ಷವನ್ನು ಸೇರುವುದಕ್ಕೆ ಏನು ಧೈರ್ಯ ಬೇಕು? ೧೮೯೯ರ ಗೃಹಸ್ಥನಿಗೆ ಈ ಸೌಕರ್ಯವಿರಲಿಲ್ಲ. ಅವನ ಮನೆಯಲ್ಲಿಯೇ ಕೆಂಪು ಸೀರೆಯುಟ್ಟು ತಲೆಬೋಳಿಸಿಕೊಂಡ ಅಕ್ಕನೋ ಅತ್ತೆಯೋ ಇದ್ದಿರಬಹುದು. ಅವನಿಗೆ ಈ ಕಥೆಯು ಮುಗಿದ ಕಥೆಯಾಗಿರಲಿಲ್ಲ; ಉತ್ತರವನ್ನು ಬೇಡುವ ಪ್ರಶ್ನೆಯಾಗಿತ್ತು.

ಆದುದರಿಂದ ಹಳೆಯ ಕೃತಿಯನ್ನು ಓದುವ ಕ್ರಮವನ್ನು ಮೊದಲು ತಿದ್ದಿಕೊಳ್ಳಬೇಕಾಗಿದೆ. ಅದು ಹೊಸದಾಗಿದ್ದ ದಿನದಲ್ಲಿ ಯಾರನ್ನು ಕೆಣಕಿತೋ ಆ ಸ್ಥಾನದಲ್ಲಿ ತನ್ನನ್ನು ನಿಲ್ಲಿಸಿಕೊಂಡು ಓದಿದವನಿಗೆ ಮಾತ್ರ ಅದು ಜೀವಂತವಾಗುವುದು. ಹೀಗೆ ಓದಿದಾಗ ‘ಇಂದಿರಾಬಾಯಿ’ಯಲ್ಲಿ ಕೌತುಕವುಳ್ಳ ಪಾತ್ರವು ಭಾಸ್ಕರರಾಯನಲ್ಲ; ಅವನು ಗುಣಗಳ ಮೂಟೆ. ಇಂದಿರೆಯ ತಾಯಿತಂದೆಗಳಾದ ಅಂಬಾಬಾಯಿ ಮತ್ತು ಭೀಮರಾಯರೇ ನಿಜವಾಗಿ ಪರೀಕ್ಷಿಸತಕ್ಕವರು. ಮಗಳನ್ನು ಹಾಳುಮಾಡುವ ದಾರಿಯಲ್ಲಿ ಅವರು ದೂಡುವುದು ಭಕ್ತಿಯ ಹೆಸರಿನಲ್ಲಿ. ಊರಿನ ಮುಂದೆ ಮನೆಯ ಮರ್ಯಾದೆಯನ್ನು ಕಾಯುವ ಹೆಸರಿನಲ್ಲಿ. ಒಳ್ಳೆಯ ಹೆಸರುಗಳ ಮರೆಯಲ್ಲಿ ಕೆಟ್ಟ ಕೆಲಸವು ಹೇಗೆ ನಡೆಯುವುದೆಂಬುದು ಯಾವ ಕಾಲದ ಗೃಹಸ್ಥನಿಗೂ ತಿಳಿದಿರಬೇಕಾದ ವಿಷಯ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಮನೆಯಿಂದ ಓಡುವ ರಾತ್ರಿಯಲ್ಲಿ ಅಷ್ಟು ಧೈರ್ಯವನ್ನು ತೋರಿದ ಇಂದಿರೆಯು ಅಮೃತರಾಯನ ಮನೆಯನ್ನು ಸೇರಿದ ಮೇಲೆ ಹಿರಿಯರ ಏರ್ಪಾಡಿಗೆ ತಲೆಬಾಗುವ ಸುಶೀಲೆಯಾಗಿ ಉಳಿಯುತ್ತಾಳೆ. ಸದ್ಗುಣಕ್ಕೆ ಉಡುಗೊರೆಯಾಗಿ ಒಬ್ಬ ದೊಡ್ಡ ಅಧಿಕಾರಿಯನ್ನೇ ಗಂಡನಾಗಿ ಕೊಟ್ಟುದು ಗ್ರಂಥಕರ್ತರ ಉದಾರತೆಯಾದರೂ ಕಥೆಯ ಸತ್ಯಕ್ಕೆ ಅದರಿಂದ ಸ್ವಲ್ಪ ಊನವೇ. ಅಧಿಕಾರಿಯು ದೊರೆಯದೆ ಹೋಗಿದ್ದರೆ ಇಂದಿರೆಯ ಓಟವು ತಪ್ಪಾಗುತ್ತಿತ್ತೆ? ಈ ಪ್ರಶ್ನೆಯನ್ನು ಗ್ರಂಥವು ಕೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಮುಂದಿನ ಗ್ರಂಥಕರ್ತರಲ್ಲಿ ಹುಡುಕಬೇಕು. ೧೯೪೦ರ ದಶಕದ ಆರಂಭದಲ್ಲಿ ಬಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯು ಅದೇ ಕರಾವಳಿಯ ಕಥೆ. ಆದರೆ ಅದರ ನೋಟವೇ ಬೇರೆ. ಸಮುದ್ರದ ಅಂಚಿನ ಒಂದು ಹಳ್ಳಿಯಲ್ಲಿ ಮೂರು ತಲೆಮಾರುಗಳ ಬಾಳು ಅದರಲ್ಲಿ ಹರಡಿಕೊಂಡಿದೆ. ರಾಮ ಐತಾಳರ ವಿಧವೆಯಾದ ತಂಗಿ ಸರಸೋತಿಯು ಎಲ್ಲಿಗೂ ಓಡುವುದಿಲ್ಲ. ಅವಳಿಗೆ ಅಮೃತರಾಯನಿಲ್ಲ, ಭಾಸ್ಕರರಾಯನಿಲ್ಲ. ಅತ್ತಿಗೆ ಪಾರ್ವತಿಯೊಡನೆ ಗದ್ದೆಗೂ ದನಕರುಗಳಿಗೂ ಸೌದೆಗೂ ಮೈಮುರಿದು ದುಡಿಯುತ್ತಾಳೆ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಎರಡನೆಯ ಹೆಂಡತಿಯಾಗಿ ತಂದಾಗಲೂ ಮನೆಯು ಒಡೆಯದೆ ನಿಲ್ಲುವುದು ಆ ಹೆಂಗಸರ ತಾಳ್ಮೆಯ ಮೇಲೆಯೇ. ವಿಧವೆಯನ್ನು ಉದ್ಧರಿಸಬೇಕೆಂದು ಗುಲ್ವಾಡಿಯವರು ಹೇಳಿದರು; ಮನೆಯನ್ನು ಹೊತ್ತು ನಿಂತಿರುವವಳೇ ವಿಧವೆಯೆಂದು ಕಾರಂತರು ತೋರಿಸಿದರು.

ಈ ಎರಡು ಗ್ರಂಥಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದವರಿಗೆ ಇನ್ನೊಂದು ಸಂಗತಿಯು ಕಾಣದೆ ಇರದು. ‘ಇಂದಿರಾಬಾಯಿ’ಯಲ್ಲಿ ಇಂಗ್ಲಿಷ್ ವಿದ್ಯೆಯು ಬೆಳಕು. ಅದನ್ನು ಪಡೆದವರೆಲ್ಲ ಒಳ್ಳೆಯವರು. ‘ಮರಳಿ ಮಣ್ಣಿಗೆ’ಯಲ್ಲಿ ಐತಾಳರು ಆಸೆಯಿಂದ ಅದೇ ವಿದ್ಯೆಗೆ ಕಳುಹಿಸಿದ ಮಗ ಲಚ್ಚನು ದುರಭ್ಯಾಸಗಳಿಗೆ ಬಿದ್ದು ಆಸ್ತಿಯನ್ನು ಹಾಳುಮಾಡಿ, ಹೆಂಡತಿ ನಾಗವೇಣಿಯ ಬಾಳನ್ನು ಗೋಳಾಗಿಸುತ್ತಾನೆ. ನಾಲ್ಕು ದಶಕಗಳಲ್ಲಿ ಸಂಜೀವಿನಿಯೆನಿಸಿದ್ದುದು ವಿಷವಾಗಿ ತೋರುವುದಕ್ಕೆ ಕಾರಣವೇನು? ವಿದ್ಯೆಯು ಬದಲಾಗಲಿಲ್ಲ. ಮೊದಲನೆಯ ಗ್ರಂಥಕರ್ತರು ವಿದ್ಯೆಯನ್ನು ದೂರದಿಂದ ಬರುತ್ತಿರುವ ಅತಿಥಿಯಂತೆ ಕಂಡರು. ಎರಡನೆಯವರು ಅದು ಮನೆಯೊಳಗೆ ಬಂದು ಕುಳಿತು, ಉಂಡು, ಮನೆಯವರೊಡನೆ ವ್ಯವಹರಿಸಿದುದನ್ನು ಕಂಡರು. ಬರುವ ಅತಿಥಿಯಲ್ಲಿ ಗುಣವೇ ಕಾಣುವುದು. ತಂಗಿದವನಲ್ಲಿ ಗುಣದೋಷಗಳೆರಡೂ ಕಾಣುವುವು.

ಕಾರಂತರ ಗ್ರಂಥದಲ್ಲಿಯೂ ಏರುಪೇರುಗಳುಂಟು. ಮೂರನೆಯ ತಲೆಮಾರಿನ ರಾಮನು ಊರನ್ನು ಬಿಟ್ಟು ದೊಡ್ಡ ಪಟ್ಟಣಗಳಲ್ಲಿ ಅಲೆಯುವ ಭಾಗದಲ್ಲಿ ಮೊದಲಿನ ಸಾಂದ್ರತೆಯಿಲ್ಲ. ಹೆಂಗಸರು ತುಂಬಿದ ಅಡಿಗೆಮನೆಯನ್ನೂ ಅಂಗಳವನ್ನೂ ಬಿಟ್ಟು ದೂರಹೋದೊಡನೆ ಬರವಣಿಗೆಯು ತೆಳುವಾಗುವುದು. ರಾಮನು ಮಣ್ಣಿಗೆ ಮರಳಿದಾಗ ಬರವಣಿಗೆಯೂ ತನ್ನ ಬಲಕ್ಕೆ ಮರಳುವುದು.

ವಿಧವೆಯ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವು ೧೯೭೬ರಲ್ಲಿ ಬಂದಿತು. ಆ ವೇಳೆಗೆ ಕೇಶಮುಂಡನದ ಪದ್ಧತಿಯು ಬಹುಮಟ್ಟಿಗೆ ಮರೆಯಾಗಿತ್ತು. ಹಾಗಿರುವಾಗ ಈ ಗ್ರಂಥಕ್ಕೆ ಏನು ಪ್ರಯೋಜನವೆಂದು ಕೇಳುವವರೂ ಇರಬಹುದು. ಮಲೆನಾಡಿನ ಒಂದು ದೊಡ್ಡ ಕುಟುಂಬದಲ್ಲಿ ಬಾಲ್ಯದಲ್ಲಿಯೇ ವಿಧವೆಯಾಗಿ ದೀರ್ಘಕಾಲ ಬಾಳಿದ ಫಣಿಯಮ್ಮನು ತನಗಾದ ಅನ್ಯಾಯವನ್ನು ಕುರಿತು ದೂರುವುದಿಲ್ಲ. ಆದರೆ ದಾಕ್ಷಾಯಿಣಿಯೆಂಬ ಎಳೆಯ ವಿಧವೆಯು ತಲೆಯನ್ನು ಕೊಡೆನೆಂದು ಹಟಹಿಡಿದಾಗ ಆ ಮುದುಕಿಯು ನಿಲ್ಲುವುದು ಹುಡುಗಿಯ ಪಕ್ಷದಲ್ಲಿ. ತಾನು ಸಹಿಸಿದೆನೆಂದು ಇನ್ನೊಬ್ಬರೂ ಸಹಿಸಲಿ ಎನ್ನುವುದು ಲೋಕದ ನ್ಯಾಯ. ತಾನು ಸಹಿಸಿದುದರಿಂದಲೇ ಇನ್ನೊಬ್ಬರಿಗೆ ಅದು ಬೇಡವೆನ್ನುವುದು ಫಣಿಯಮ್ಮನ ನ್ಯಾಯ. ಪದ್ಧತಿಯು ಮರೆಯಾದರೂ ಅತ್ತೆಯು ಸೊಸೆಗೆ, ಹಿರಿಯ ನೌಕರನು ಕಿರಿಯನಿಗೆ, ಹಳೆಯ ವಿದ್ಯಾರ್ಥಿಯು ಹೊಸಬನಿಗೆ ಲೋಕದ ನ್ಯಾಯವನ್ನೇ ನಡೆಯಿಸುವುದು ಮರೆಯಾಗಿಲ್ಲ. ಪೂಜ್ಯಭಾವವು ಅಲ್ಲಲ್ಲಿ ಹೆಚ್ಚಾಗಿ ಫಣಿಯಮ್ಮನನ್ನು ಮನುಷ್ಯಳಿಗಿಂತ ದೇವತೆಯ ಸಮೀಪಕ್ಕೆ ಒಯ್ಯುವುದು ನಿಜ. ಆದರೂ ಅವಳ ಆ ಒಂದು ನಿಲವಿಗಾಗಿ ಗ್ರಂಥವು ಬಾಳತಕ್ಕದ್ದು.

ಇನ್ನು ಈ ಶತಮಾನದ ಕೃತಿಗೆ ಬರಬೇಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ೨೦೧೩ರಲ್ಲಿ ಪ್ರಕಟವಾಯಿತು. ಗಾತ್ರದಲ್ಲಿ ಚಿಕ್ಕದು, ನೀಳ್ಗತೆಯೆಂದರೂ ಸಲ್ಲುವುದು. ಶ್ರೀನಾಥ್ ಪೇರೂರರ ಇಂಗ್ಲಿಷ್ ಭಾಷಾಂತರದ ಮೂಲಕ ಪರದೇಶಗಳ ವಾಚಕರನ್ನೂ ಅದು ಮುಟ್ಟಿತು. ಬೆಂಗಳೂರಿನ ಒಂದು ಕುಟುಂಬವು ಇರುವೆಗಳ ಕಾಟವಿದ್ದ ಇಕ್ಕಟ್ಟಾದ ಮನೆಯಲ್ಲಿ ಬಡತನದಿಂದ ಬಾಳುತ್ತಿರುತ್ತದೆ. ಚಿಕ್ಕಪ್ಪನು ತೊಡಗಿದ ಸಾಂಬಾರ ಪದಾರ್ಥಗಳ ವ್ಯಾಪಾರವು ಕುದುರಿ ಅವರು ಶ್ರೀಮಂತರಾಗುತ್ತಾರೆ. ಮನೆಯವರೆಲ್ಲ ಸಂಪಾದಿಸುವವನೊಬ್ಬನ ಸುತ್ತ ಕೋಟೆಯಂತೆ ಕೂಡಿನಿಲ್ಲುತ್ತಾರೆ. ಕಥೆಯನ್ನು ಹೇಳುವ ಯುವಕನಿಗೆ ಹೆಸರೂ ಇಲ್ಲ, ಕೆಲಸವೂ ಇಲ್ಲ. ಅವನು ಕಾಫಿ ಹೌಸಿನಲ್ಲಿ ಕುಳಿತು ಹೊತ್ತು ಕಳೆಯುತ್ತಾನೆ. ಮನೆಯ ರೀತಿಯನ್ನು ಬಾಯಿಬಿಟ್ಟು ಪ್ರಶ್ನಿಸುವವಳು ಅವನ ಹೆಂಡತಿ ಅನಿತಾ ಒಬ್ಬಳೇ. ಕೊನೆಯಲ್ಲಿ ಅವಳಿಗೆ ಏನಾಯಿತೆಂಬ ಭಯವನ್ನು ವಾಚಕನ ಎದೆಯಲ್ಲಿ ಬಿಟ್ಟು ಕಥೆಯು ನಿಂತುಬಿಡುವುದು.

ಇದನ್ನು ಓದಿದ ಹಿರಿಯ ಗೃಹಸ್ಥರು ಸಾಧಾರಣವಾಗಿ ಎರಡು ಆಕ್ಷೇಪಗಳನ್ನು ಎತ್ತುವುದುಂಟು. ಕಥೆಗೆ ಮುಕ್ತಾಯವಿಲ್ಲವೆಂಬುದು ಒಂದು. ಅನುಸರಿಸತಕ್ಕ ಪಾತ್ರವಿಲ್ಲವೆಂಬುದು ಇನ್ನೊಂದು. ಆಕ್ಷೇಪಗಳನ್ನು ತಳ್ಳಿಹಾಕದೆ ಪರೀಕ್ಷಿಸುವುದು ಯೋಗ್ಯ. ಗ್ರಂಥಗಳ ಹೆಸರುಗಳನ್ನೇ ಕಾಲಾನುಕ್ರಮವಾಗಿ ನೋಡಿದರೆ ಒಂದು ದಾರಿಯು ತೋರುವುದು. ‘ಇಂದಿರಾಬಾಯಿ’ಗೆ ‘ಸದ್ಧರ್ಮ ವಿಜಯ’ವೆಂಬುದು ಇನ್ನೊಂದು ಹೆಸರು. ೧೯೧೫ರಲ್ಲಿ ಬಂದ ಎಂ. ಎಸ್. ಪುಟ್ಟಣ್ಣನವರ ಪ್ರಸಿದ್ಧ ಕಾದಂಬರಿಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯೇ ಹೆಸರು. ಆಮೇಲೆ ‘ಮರಳಿ ಮಣ್ಣಿಗೆ’. ಕೊನೆಗೆ ‘ಘಾಚರ್ ಘೋಚರ್’. ಇದು ಯಾವ ನಿಘಂಟಿನಲ್ಲಿಯೂ ಇಲ್ಲದ, ಗಾಳಿಪಟದ ದಾರವು ಸಿಕ್ಕುಗಟ್ಟಿದಾಗ ಅನಿತಾಳ ತವರುಮನೆಯಲ್ಲಿ ಹುಟ್ಟಿದ ಮಾತು. ಧರ್ಮವು ಗೆಲ್ಲುವುದೆಂಬ ನಂಬಿಕೆಯಿಂದ ಹೊರಟು, ಮಾಡಿದ ಕರ್ಮಕ್ಕೆ ಫಲವಾದರೂ ಉಂಟೆಂಬ ನಿಯಮಕ್ಕೆ ಬಂದು, ಮರಳಿ ನಿಲ್ಲುವುದಕ್ಕೆ ಮಣ್ಣಾದರೂ ಇದೆಯೆಂಬ ಸಮಾಧಾನವನ್ನು ದಾಟಿ, ಬಿಡಿಸಲಾಗದ ಸಿಕ್ಕಿನವರೆಗೆ ಕನ್ನಡ ಕಾದಂಬರಿಯು ಬಂದಂತೆ ಕಾಣುವುದು.

ಇದನ್ನು ಅವನತಿಯೆಂದು ಕರೆಯುವುದು ಆತುರವಾದೀತು. ೧೮೯೯ರಲ್ಲಿ ಸದ್ಧರ್ಮವು ವಿಜಯವನ್ನು ಪಡೆದಿರಲಿಲ್ಲ. ಪಡೆಯಲಿ ಎಂಬ ಹಾರೈಕೆಯನ್ನೇ ಗ್ರಂಥಕರ್ತರು ಫಲಿತಾಂಶವೆಂದು ಬರೆದರು. ಹೊರಗೆ ಸೋಲು ಎದ್ದು ಕಾಣುತ್ತಿದ್ದ ಕಾಲಕ್ಕೆ ಗೆಲವಿನ ಚಿತ್ರವು ಬೇಕಾಗಿತ್ತು. ವಿದ್ಯೆಯೂ ಹಣವೂ ಕೈಗೂಡಿ, ತಾನು ಗೆದ್ದೆನೆಂದು ಮನೆಯು ನೆಮ್ಮದಿಯಿಂದ ಕುಳಿತ ಕಾಲಕ್ಕೆ ಅದರ ಒಳಗಿನ ಸೋಲನ್ನು ತೋರಿಸುವ ಚಿತ್ರವು ಬೇಕು. ಔಷಧಗಳು ಬೇರೆಯಾದುದು ರೋಗಗಳು ಬೇರೆಯಾದುದರಿಂದ. ಹಳೆಯ ಗ್ರಂಥಕರ್ತನು ಗಂಟನ್ನು ವಾಚಕನ ಕಣ್ಣೆದುರಿಗೆ ಬಿಡಿಸಿ ತೋರಿಸಿದನು. ಹೊಸಬನು ದಾರವನ್ನು ಅವನ ಕೈಗೇ ಕೊಟ್ಟನು. ಅನುಸರಿಸತಕ್ಕ ಪಾತ್ರವಿಲ್ಲವೆನ್ನುವವರಿಗೆ, ಅನುಸರಿಸಬಾರದ ಪಾತ್ರವೇ ಇಲ್ಲಿ ಗುರುವೆಂದು ಉತ್ತರ ಹೇಳಬಹುದು.

ಈ ಮಾತಿಗೆ ಸಾಕ್ಷಿಯಾಗಿ ಎರಡು ಬಾಗಿಲುಗಳನ್ನು ನೆನೆಯಬಹುದು. ‘ಇಂದಿರಾಬಾಯಿ’ಯಲ್ಲಿ ದಿಕ್ಕಿಲ್ಲದ ಹುಡುಗಿಯೊಬ್ಬಳು ಅಮೃತರಾಯನ ಬಾಗಿಲಿಗೆ ಬರುತ್ತಾಳೆ; ಬಾಗಿಲು ತೆರೆಯುವುದು. ‘ಘಾಚರ್ ಘೋಚರ್’ನಲ್ಲಿ ಚಿಕ್ಕಪ್ಪನಿಗಾಗಿ ಕೈಯಾರೆ ಅಡಿಗೆಮಾಡಿ ತಂದ ಹೆಂಗಸೊಬ್ಬಳು ಮನೆಯ ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಬಾಯಿಗೆ ಬಂದಂತೆ ಬೈದು ಅವಳನ್ನು ಅಟ್ಟುತ್ತಾರೆ. ಚಿಕ್ಕಪ್ಪನು ಅವಳ ನೆರವಿಗೆ ಬರುವುದಿಲ್ಲ. ಕಥೆ ಹೇಳುವವನು ಎಲ್ಲವನ್ನೂ ನೋಡಿಯೂ ಸುಮ್ಮನಿರುತ್ತಾನೆ. ಈ ಎರಡು ಗ್ರಂಥಗಳ ನಡುವೆ ೧೧೪ ವರ್ಷಗಳು. ಮೊದಲನೆಯ ಬಾಗಿಲನ್ನು ತೆರೆದವನಿಗೆ ಸಮಾಜದ ಬಹಿಷ್ಕಾರದ ಭಯವಿತ್ತು, ಆದರೂ ತೆರೆದನು. ಎರಡನೆಯ ಬಾಗಿಲನ್ನು ಮುಚ್ಚಿದವರಿಗೆ ಬಹಿಷ್ಕಾರದ ಭಯವಿರಲಿಲ್ಲ. ಸಂಪಾದಿಸುವವನ ನೆಮ್ಮದಿಗೆ ಭಂಗಬಂದರೆ ತಮ್ಮ ನೆಮ್ಮದಿಗೂ ಭಂಗಬರುವುದೆಂಬ ಲೆಕ್ಕ ಮಾತ್ರವಿತ್ತು.

ಎರಡು ಪ್ರಸಂಗಗಳಲ್ಲಿಯೂ ವಾಚಕನು ನಿಂತಿರುವುದು ಬಾಗಿಲಿನ ಒಳಗಡೆಯಲ್ಲಿ. ಅಮೃತರಾಯನನ್ನು ಮೆಚ್ಚುವಾಗ ತಾನೂ ಬಾಗಿಲು ತೆರೆದವನೆಂದು ಭಾವಿಸುವುದು ಸುಲಭ. ಆ ಭಾವನೆಯು ನಿಜವೋ ಅಲ್ಲವೋ ಎಂಬುದನ್ನು ಎರಡನೆಯ ಬಾಗಿಲಿನ ಹಿಂದೆ ನಿಂತಾಗಲೇ ತಿಳಿಯಬೇಕು. ಅಲ್ಲಿ ಕೆಟ್ಟ ಸಂತರಿಲ್ಲ, ಮೂಢಾಚಾರವಿಲ್ಲ, ಯಾರನ್ನೂ ಖಳರೆಂದು ಬೈದು ಕೈತೊಳೆದುಕೊಳ್ಳುವಂತಿಲ್ಲ. ಪ್ರೀತಿಯಿಂದ ಕೂಡಿ ಉಣ್ಣುವ, ಒಬ್ಬರನ್ನೊಬ್ಬರು ಬಿಟ್ಟುಕೊಡದ ಕುಟುಂಬವೇ ಹೊರಗಿನವಳ ಪಾಲಿಗೆ ಕ್ರೂರವಾಗಿದೆ. ಒಗ್ಗಟ್ಟು ಗುಣವೆಂದು ಕಲಿತ ಗೃಹಸ್ಥನಿಗೆ ಆ ಒಗ್ಗಟ್ಟು ಯಾರ ವಿರುದ್ಧವಾಗಿದೆಯೆಂದು ಕೇಳುವುದನ್ನು ಕಲಿಸಿದ ಕೃತಿಯು ಮನೆಯಲ್ಲಿ ಓದತಕ್ಕದ್ದಲ್ಲವೆಂದು ಹೇಗೆ ಹೇಳುವುದು?

ಈ ಕೃತಿಯೂ ಪರಿಪೂರ್ಣವಲ್ಲ. ಬಾಗಿಲಿಗೆ ಬಂದ ಹೆಂಗಸು ಬಂದು ಹೋದುದಷ್ಟೆ. ಅವಳ ಬಾಳು ಕಥೆಯೊಳಗೆ ಬರಲಿಲ್ಲ. ಹೇಳುವವನ ಸೂಕ್ಷ್ಮವಾದ ಅಳುಕನ್ನು ಓದುತ್ತ ಓದುತ್ತ, ಅಳುಕುವುದೇ ಸಾಕೆಂಬ ಭ್ರಮೆಯು ವಾಚಕನಿಗೆ ಹಿಡಿಯುವ ಅಪಾಯವೂ ಉಂಟು. ಈ ಅಪಾಯಕ್ಕೆ ಮದ್ದು ಹಳೆಯ ಗ್ರಂಥದಲ್ಲಿಯೇ ಇದೆ. ಅಮೃತರಾಯನು ಅಳುಕಿ ಸುಮ್ಮನಾಗಲಿಲ್ಲ, ಬಾಗಿಲು ತೆರೆದನು. ಹೊಸ ಕಾದಂಬರಿಯು ಮನಸ್ಸಾಕ್ಷಿಯನ್ನು ಎಬ್ಬಿಸುವುದು. ಎದ್ದ ಮೇಲೆ ಮಾಡತಕ್ಕುದೇನೆಂಬುದನ್ನು ಹಳೆಯ ಕಾದಂಬರಿಯು ನೆನಪುಮಾಡಿಕೊಡುವುದು. ಹಳೆಯದರ ಅತಿಯಾದ ಆತ್ಮವಿಶ್ವಾಸಕ್ಕೆ ಹೊಸದರ ಸಂದೇಹವು ತಡೆ. ಹೊಸದರ ಅತಿಯಾದ ಸಂದೇಹಕ್ಕೆ ಹಳೆಯದರ ಕಾರ್ಯಶ್ರದ್ಧೆಯು ಊರುಗೋಲು.

ಆದುದರಿಂದ ಹಳೆಯದೊಂದನ್ನೂ ಹೊಸದೊಂದನ್ನೂ ಜೊತೆಗೂಡಿಸಿ ಓದುವ ಪದ್ಧತಿಯು ವಿದ್ಯಾವಂತರ ಮನೆಗಳಲ್ಲಿ ಬೆಳೆಯುವುದು ಲೇಸು. ಹಿರಿಯರು ಮೇಜಿನ ಮೇಲಿನ ಪುಸ್ತಕವನ್ನು, ಮುಕ್ತಾಯವಿಲ್ಲವೆಂದು ಎಸೆಯದೆ, ಹಳೆಯದಕ್ಕೆ ತೋರುವ ತಾಳ್ಮೆಯಿಂದಲೇ ಎರಡನೆಯ ಸಲ ಓದಲಿ. ಕಿರಿಯರು ಮೇಲಿನ ಅಂಕಣದಿಂದ ಹಳೆಯ ಪುಸ್ತಕವನ್ನು ಇಳಿಸಿ, ಅದು ಮೊನ್ನೆ ತಾನೆ ಮುದ್ರಣವಾಗಿ ಬಂದಂತೆ, ತಮ್ಮನ್ನೇ ಕುರಿತು ಬರೆದಂತೆ ಓದಲಿ. ಓದಿದುದನ್ನು ಊಟದ ಹೊತ್ತಿನಲ್ಲಿ ಇಬ್ಬರೂ ಮಾತನಾಡಿಕೊಳ್ಳಲಿ; ಮನೆಯ ಹೆಣ್ಣುಮಕ್ಕಳ ಅಭಿಪ್ರಾಯವನ್ನು ಮೊದಲು ಕೇಳಲಿ. ಈ ಎಲ್ಲ ಗ್ರಂಥಗಳಲ್ಲಿಯೂ ಬಾಗಿಲಿನ ಎರಡು ಕಡೆಗಳನ್ನೂ ಕಂಡವರು ಅವರೇ ಅಲ್ಲವೆ?

ಕಾಳಿದಾಸನು ಹೇಳಿದ ಪರೀಕ್ಷೆಯು ಎರಡು ಕಡೆಗೂ ನಡೆಯತಕ್ಕದ್ದು. ವಾಚಕನು ಗ್ರಂಥವನ್ನು ಪರೀಕ್ಷಿಸುತ್ತಾನೆ. ಒಳ್ಳೆಯ ಗ್ರಂಥವಾದರೆ ಅದೂ ವಾಚಕನ ಮನೆಯನ್ನು ಪರೀಕ್ಷಿಸುವುದು. ಈ ಎರಡನೆಯ ಪರೀಕ್ಷೆಗೆ ಒಪ್ಪಿ ಕುಳಿತವನಿಗೆ ಗ್ರಂಥವು ಯಾವ ವರ್ಷದ್ದೆಂಬ ಪ್ರಶ್ನೆಯು ತಾನಾಗಿಯೇ ಹಿಂದೆ ಸರಿಯುವುದು.